ಮಾವನವರ ಮುಂದೆ ನಾಲ್ಕು ಕೈಮರ

ದಾರ ತುಂಡಾಗಬಹುದಿತ್ತು. ಅಂಟು ಸೆಕೆಗೆ ಮೆತ್ತಗಾಗಿ ಕಂಬ ವಾಲಬಹುದಿತ್ತು. ಪಕ್ಕದ ಮನೆಯ ಬೆಕ್ಕು ಬಂದು ಹಳಿಯ ಮೇಲೆ ಮಲಗಬಹುದಿತ್ತು. ಎಂಜಿನ್ನಿನ ಸ್ಪ್ರಿಂಗು ಸರಿಯಾಗಿ ಆ ಹೊತ್ತಿಗೇ ಮುರಿಯಬಹುದಿತ್ತು. ಕೈಮರದ ಕೈ ಒಮ್ಮೆ ಇಳಿದದ್ದು ಮತ್ತೆ ಏಳದೆ ಹೋಗಬಹುದಿತ್ತು. ಏಳುವ ಮಾತಿರಲಿ, ಇಳಿಯದೆಯೇ ಹೋಗಬಹುದಿತ್ತು. ಗಾಡಿ ಹಳಿ ತಪ್ಪಿ ಮಾವನವರ ಕಾಫಿ ಲೋಟಕ್ಕೆ ಡಿಕ್ಕಿ ಹೊಡೆಯಬಹುದಿತ್ತು. ಮಾವನವರು ಬಾರದೆ ಇರಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಬಂದೇಬಿಡಬಹುದಿತ್ತು.

ಇಷ್ಟನ್ನೂ ನಾನು ಮುಂಚೆಯೇ ಯೋಚಿಸಿ ಇಟ್ಟುಕೊಂಡಿದ್ದೆ. ಈ ಒಂದು ವಿಷಯದಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲಿ ಇರಲಾರರು. ಹತ್ತಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತನಾದ ನಾನು ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ ಮೇಲೆ, ಅದು ತಳಕ್ಕೆ ಬಿತ್ತೋ ಬಾಯಲ್ಲೇ ಸಿಕ್ಕಿಕೊಂಡಿತೋ ಎಂದು ಡಬ್ಬಿಗೆ ಎರಡು ಬಾರಿ ಗುದ್ದಿ ನೋಡುವ ಜಾತಿಯವನು. ಇಂಥವನು ಆಟದ ರೈಲಿಗೆ ಕೈಮರ, ಅಂದರೆ ಸಿಗ್ನಲ್ ಕಂಬ, ಮಾಡುವ ಕೆಲಸಕ್ಕೆ ಏಕೆ ಕೈ ಹಾಕಿದ ಎಂದು ನೀವು ಕೇಳಬಹುದು. ಹಾಕಲಿಲ್ಲ, ಸಿಕ್ಕಿಬಿದ್ದೆ.

ನನ್ನ ಮಾವನವರು ಸ್ಟೇಷನ್ ಮಾಸ್ಟರಾಗಿ ನಿವೃತ್ತರಾಗಿ ಹರಿಹರದಲ್ಲಿ ನೆಲೆಸಿದವರು. ಅವರ ಬಾಯಿಂದ ಬರುವ ಅತ್ಯಂತ ದೊಡ್ಡ ಹೊಗಳಿಕೆ ಎಂದರೆ ‘ಪರವಾಗಿಲ್ಲ’. ಆ ಮಾತನ್ನು ಅವರು ಒಮ್ಮೆ ತುಂಗಭದ್ರೆಯ ಸೇತುವೆಯ ಬಗ್ಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನನ್ನ ಬಗ್ಗೆ ಹೇಳಿದ್ದನ್ನು ಕೇಳಿಲ್ಲ. ತಪ್ಪು ಅವರದಲ್ಲ. ಮದುವೆಯಾದ ವರ್ಷವೇ ಅವರ ಫೋಟೋ ತೂಗುಹಾಕಲೆಂದು ನಾನು ಹೊಡೆದ ಮೊಳೆ ನಮ್ಮ ಗೋಡೆಯನ್ನು ದಾಟಿ, ಆಚೆ ಮನೆಯವರ ಕನ್ನಡಿಯನ್ನು ಕೆಡವಿತ್ತು. ಅಂದಿನಿಂದ ಅವರು ಬಂದಾಗಲೆಲ್ಲ ನನ್ನ ಕೈಯಲ್ಲಿ ಏನಾದರೂ ಇದೆಯೇ ಎಂದು ಮೊದಲು ನೋಡುತ್ತಾರೆ.

ಈ ಬೇಸಗೆಯಲ್ಲಿ ನನ್ನ ಹೆಂಡತಿಯ ತಮ್ಮ ಮುಂಬಯಿಯಿಂದ ನಮ್ಮ ಮಗಳಿಗೆ ಕೀಲಿ ಕೊಡುವ ರೈಲೊಂದನ್ನು ತಂದುಕೊಟ್ಟ. ಮೂರೇ ದಿನಕ್ಕೆ ಅವಳಿಗೆ ಅದು ಸಾಕಾಯಿತು. ನನಗೆ ಆಗಲಿಲ್ಲ. ಹಿತ್ತಲಲ್ಲಿದ್ದ ಹಳೆಯ ಬಾಗಿಲೊಂದನ್ನು ನಡುಮನೆಯ ಮಂಚದ ಮೇಲೆ ಹಾಸಿ, ಹಳಿ ಜೋಡಿಸಿ ಓಡಿಸುತ್ತಿದ್ದಾಗ ಮಾವನವರು ಬಂದರು. ಗಾಡಿ ಎರಡು ಸುತ್ತು ಹೊಡೆಯುವವರೆಗೂ ಸುಮ್ಮನೆ ನೋಡಿದರು.

“ಕೈಮರ ಇಲ್ಲದ ದಾರ್‍ಯಾಗೆ ಗಾಡಿ ಬಿಟ್ಟೀರಲ್ರಿ, ಅಳಿಯಂದ್ರೆ?”

“ಮಾಡಬೇಕು ಅಂತಲೇ ಇದ್ದೇನೆ” ಎಂದುಬಿಟ್ಟೆ. ಆ ಕ್ಷಣದವರೆಗೆ ಅಂಥ ಯೋಚನೆಯೇ ನನಗಿರಲಿಲ್ಲ.

“ನೀವಾ?” ಎಂದರು ಮಾವನವರು. ಆ ಎರಡಕ್ಷರ ನನ್ನ ಎರಡು ತಿಂಗಳನ್ನು ನುಂಗಿತು.

ತಗಡಿನ ಕೈಗಳಿಗಾಗಿ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಲಾಟೀನು ರಿಪೇರಿ ಮಾಡುವ ಸಾಬರ ಬಳಿಗೆ ಹೋದೆ. ಬೆರಳಿನ ಅರ್ಧದಷ್ಟು ಉದ್ದದ ನಾಲ್ಕು ಪಟ್ಟಿ ಬೇಕೆಂದು ಚೀಟಿ ತೋರಿಸಿದೆ.

“ಇದೇನ್ರಿ ಸ್ವಾಮಿ, ಗೊಂಬಿಗೆ ಚಮಚಾನಾ?”

“ಅಲ್ಲ ಸಾಬ್ರೆ, ರೈಲಿನ ಕೈಮರದ ಕೈ.”

ಸಾಬರು ಚೀಟಿಯನ್ನು ತಿರುಗಿಸಿ ನೋಡಿದರು. “ಯಾಕ್ರಿ, ಸ್ಟೇಷನ್‌ನಾಗಿಂದು ಕಳುವಾಗೈತೇನು?”

ಮೊದಲ ಸಲ ಅವರು ಮಾಡಿಕೊಟ್ಟ ಕೈಗಳು ದೋಸೆ ಮಗುಚಬಹುದಾದಷ್ಟು ದೊಡ್ಡವು. ಎರಡನೆಯ ಸಲದವು ಅವಕ್ಕಿಂತ ಸಣ್ಣವು, ಆದರೆ ಅಭ್ಯಾಸಬಲದಿಂದ ನಾಲ್ಕಕ್ಕೂ ಹಿಡಿ ಬೆಸೆದಿದ್ದರು. ಮೂರನೆಯ ಸಲ ನನ್ನನ್ನು ಕಂಡೊಡನೆ ಕತ್ತರಿಯನ್ನೇ ಮುಂದಕ್ಕೆ ತಳ್ಳಿದರು. “ನಾನು ಎಣ್ಣಿ ಕೊಳವಿ ಮಾಡೋನ್ರಿ. ಕೂಡ್ರಿ, ನೀವೇ ಕತ್ತರಿಸ್ಕೊಳ್ರಿ. ತಗಡು ನಂದು, ಬೆರಳು ನಿಮ್ಮವು.”

ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದೆ. ಆದರೂ ಕೈಗಳು ಬಂದವು. ಕೊಡೆಯ ಕಡ್ಡಿಗಳು ಕಂಬವಾದವು. ಹಳೆಯ ಹಲ್ಲುಜ್ಜುವ ಬ್ರಷ್ಷುಗಳ ಹಿಡಿಗಳು ಮೀಟುಗೋಲುಗಳಾದವು. ಅಂಗಿಯ ಗುಂಡಿಗಳು ರಾಟೆಗಳಾದವು. ನಾನು ಕಚೇರಿಗೆ ಗುಂಡುಸೂಜಿ ಚುಚ್ಚಿಕೊಂಡು ಹೋದೆ. “ಇನ್ನು ನನ್ನ ಸೀರಿ ಪೆಟ್ಟಿಗಿ ಒಂದು ಉಳದೈತಿ, ಅದನ್ನ ಸ್ಟೇಷನ್ ಮಾಡ್ರಿ” ಎಂದಳು ನನ್ನ ಹೆಂಡತಿ ಗಿರಿಜೆ. ನನಗೂ ಆ ಯೋಚನೆ ಬಂದಿತ್ತೆಂದು ಹೇಳಲಿಲ್ಲ.

ಈ ಕೈಮರದ ಗುಟ್ಟು ತಿಳಿದಾಗ ಮಾತ್ರ ನನಗೆ ರೈಲ್ವೆಯವರ ಮೇಲೆ ಬಂಧುಪ್ರೀತಿಯೇ ಹುಟ್ಟಿತು. ಕೈ ಅಡ್ಡಲಾಗಿದ್ದರೆ ಗಾಡಿ ನಿಲ್ಲಬೇಕು, ಕೆಳಗೆ ಇಳಿದಿದ್ದರೆ ಹೋಗಬಹುದು. ಆದರೆ ನಡುವೆ ತಂತಿ ಕಡಿದುಹೋದರೆ? ಕೈ ತಾನಾಗಿಯೇ ಮೇಲೆದ್ದು ‘ನಿಲ್ಲು’ ಎನ್ನಬೇಕು. ಅದಕ್ಕಾಗಿ ಬುಡದಲ್ಲೊಂದು ತೂಕ ಕಟ್ಟಿರುತ್ತಾರೆ. ಅಂದರೆ, ಏನಾದರೂ ಕೆಟ್ಟೇ ಕೆಡುತ್ತದೆ ಎಂದು ನಂಬಿ, ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡು ಕೂತ ಇಲಾಖೆ ಅದು. ನನ್ನನ್ನು ಗಿರಣಿಗೆ ಹಾಕಿದವರು ತಪ್ಪು ಮಾಡಿದರು. ಮೀನುಬಲೆಯ ಸೀಸದ ಗುಂಡುಗಳನ್ನು ತರಿಸಿ, ಒಂದೊಂದು ಕೈಗೂ ಕಟ್ಟಿ, ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ನಾಲ್ಕನ್ನೂ ಇಪ್ಪತ್ತೈದು ಸಲ ಎಳೆದು ಬಿಟ್ಟು ನೋಡಿದೆ. ಮಳೆಗಾಲದ ತೇವಕ್ಕೆ ದಾರ ಸಡಿಲವಾದೀತೆಂದು ಒದ್ದೆ ಪಂಚೆ ಹೊದಿಸಿ ಪರೀಕ್ಷಿಸಿದೆ. ಸ್ಟೇಷನ್ನಿಗೆ ಹೋಗಿ ಒಂದೊಂದು ಅಂಗವನ್ನೂ ನಕಲು ಮಾಡಿಕೊಂಡು ಬಂದು, ಬಣ್ಣದವರೆಗೆ ಒಂದೂ ತಪ್ಪದಂತೆ ಮಾಡಿ ಮುಗಿಸಿದೆ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾವನವರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮೊದಲನೆಯ ಮೀಟುಗೋಲು ಎಳೆದೆ. ಕೈ ಇಳಿಯಿತು. ಬಿಟ್ಟೆ. ಎದ್ದಿತು. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲವೂ ಹಾಗೆಯೇ. ಬೆಕ್ಕು ಬರಲಿಲ್ಲ. ಗಾಡಿ ಹಳಿ ತಪ್ಪಲಿಲ್ಲ. ಮಾವನವರು ಮಗಳ ಕಡೆ ತಿರುಗಿ “ಗಿರಿಜವ್ವ, ಕತ್ರಿ ಕೊಡವ್ವ” ಎಂದರು. ಒಂದು ಕೈಮರವನ್ನು ನನ್ನಿಂದ ಇಳಿಸಿ ಹಿಡಿಸಿ, ಅದರ ದಾರವನ್ನು ಕಚಕ್ಕನೆ ಕತ್ತರಿಸಿಯೇಬಿಟ್ಟರು. ಸೀಸದ ಗುಂಡು ಕುಸಿಯಿತು. ಕೈ ಟಪ್ಪನೆ ಮೇಲೆದ್ದು ಅಡ್ಡ ನಿಂತಿತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಪರವಾಗಿಲ್ಲ” ಎಂದರು.

ಗಿರಿಜೆ ನನ್ನನ್ನು ನೋಡಿದಳು. ಹದಿನಾಲ್ಕು ವರ್ಷದ ಮೇಲೆ ನನಗೆ ಲೈನ್ ಕ್ಲಿಯರ್ ಸಿಕ್ಕಿತ್ತು. ಇಲ್ಲಿಗೆ ನಿಲ್ಲಿಸಿ ಎಲ್ಲರೂ ಚಹಾ ಕುಡಿದಿದ್ದರೆ ಈ ಪ್ರಬಂಧವೇ ಬೇಕಿರಲಿಲ್ಲ.

ಮಾವನವರು ರುಮಾಲು ತೆಗೆದಿಟ್ಟರು. ಮೆಲ್ಲನೆ ಬಗ್ಗಿ, ಎಂಜಿನ್ನಿನ ಹಿಂದೆ ಬಾಗಿಲಿನ ಹಲಗೆಗೆ ಕೆನ್ನೆ ಹಚ್ಚಿ, ಡ್ರೈವರನಿಗೆ ಏನು ಕಾಣುತ್ತದೋ ಅದನ್ನು ಒಂದು ಕಣ್ಣು ಮುಚ್ಚಿ ನೋಡಿದರು. ಹಾಗೆಯೇ ಬಹಳ ಹೊತ್ತು ಇದ್ದರು.

“ಅಪ್ಪ, ಕುತ್ತಿಗಿ ಹಿಡಕೊಂತೇನು?” ಎಂದಳು ಗಿರಿಜೆ.

“ನನ್ನ ಕುತ್ತಿಗಿ ನೆಟ್ಟಗೈತವ್ವ. ಅಳಿಯಂದ್ರೆ, ಈ ಕೈಮರಾನ ಎಲ್ಲಿ ನಿಂತು ನೋಡಿದ್ರಿ?”

“ಇಲ್ಲೇ, ನಮ್ಮ ಸ್ಟೇಷನ್ನಿನಲ್ಲಿ. ಪ್ಲಾಟ್‌ಫಾರಂ ಬೆಂಚಿನಿಂದ.”

“ಅದಕ್ಕ ಮತ್ತೆ. ಬರೋ ಗಾಡಿಗೆ ಕೈ ಎಡಕ್ಕ ಕಾಣಬೇಕು, ಕೆಂಪು ಬಣ್ಣ, ಬಿಳೀ ಪಟ್ಟಿ. ನೀವು ಬಿಳೀ ಬಣ್ಣಕ್ಕ ಕರೇ ಪಟ್ಟಿ ಹೊಡದು, ಬಲಕ್ಕ ತಿರುಗಿಸಿ ನಿಲ್ಲಿಸೀರಿ. ಇದು ಬೆನ್ನು. ನಾಲ್ಕೂ ನಿಮ್ಮ ಡ್ರೈವರ್‌ಗೆ ಬೆನ್ನು ಕೊಟ್ಟು ನಿಂತಾವು.”

“ಹಂಗಾದ್ರೆ ಪರವಾಗಿಲ್ಲ ಅಂದಿದ್ದು?” ಎಂದು ಗಿರಿಜೆಯೇ ಕೇಳಿದಳು.

“ಅದು ದಾರಕ್ಕ ಅಂದಿದ್ದವ್ವ. ಕೈಗಲ್ಲ” ಎಂದು ಮಾವನವರು ರುಮಾಲು ಸುತ್ತಿಕೊಂಡರು.

ನಡೆದದ್ದು ಇಷ್ಟೇ. ಗಾಡಿ ತಪ್ಪೀತೆಂಬ ಭಯಕ್ಕೆ ನಾನು ಯಾವಾಗಲೂ ಎರಡು ಗಂಟೆ ಮುಂಚೆ ಸ್ಟೇಷನ್ನಿಗೆ ಹೋಗಿ, ಗಾಡಿ ಬರುವ ದಿಕ್ಕಿನ ಕೈಮರವನ್ನೇ ದಿಟ್ಟಿಸುತ್ತ ಕೂರುತ್ತೇನೆ. ಅಲ್ಲಿಂದ ಕಾಣುವುದು ಅದರ ಬೆನ್ನು. ಹದಿನಾಲ್ಕು ವರ್ಷ ಹರಿಹರಕ್ಕೆ ಓಡಾಡಿದವನು ಗಾಡಿಯ ಕಿಟಕಿಯಿಂದ ಒಮ್ಮೆಯಾದರೂ ಅದರ ಮುಖ ನೋಡಲಿಲ್ಲವೇ ಎಂದರೆ, ಇಲ್ಲ. ಗಾಡಿ ಹತ್ತಿದ ಮೇಲೆ ನಾನು ಹೊರಗೆ ನೋಡುವುದಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿರುತ್ತೇನೆ.