ಒಂದು ಗುಟುಕು, ಒಂದು ಚೂರು

ಹೆಂಡತಿಯ ಅಣ್ಣನಾದವನು ಎಲ್ಲಿಂದಲೋ ಹೊಸ ವಿದ್ಯೆಯೊಂದನ್ನು ಕಲಿತು ಬಂದರೆ ಅದರ ಪ್ರಯೋಗ ನಡೆಯುವುದು ತಂಗಿಯ ಮನೆಯಲ್ಲೇ. ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ನನ್ನ ಭಾವ ಗುರುಮಲ್ಲಪ್ಪ ನನ್ನ ಓರಗೆಯವನೇ, ತಿ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅಲ್ಲಿ ಅವನಿಗೆ ದೊಡ್ಡ ಸ್ವಂತ ಮನೆಯೂ ಇದೆ. ಆದರೂ ಅವನಿಗೆ ಜೇನು ಸಾಕುವ ಹುಚ್ಚು ಹಿಡಿದಾಗ ಪೆಟ್ಟಿಗೆ ಬಂದು ಕೂತದ್ದು ನಂಜನಗೂಡಿನ ನನ್ನ ಬಾಡಿಗೆ ಮನೆಯ ತಾರಸಿಯ ಮೇಲೆ. ಆ ಹುಳುಗಳು ಮನೆಯವರನ್ನೆಲ್ಲ ಬಿಟ್ಟು ನನ್ನನ್ನೇ ಹುಡುಕಿಕೊಂಡು ಬಂದು ಕಚ್ಚುತ್ತಿದ್ದವು. ಆಮೇಲೆ ಅಣಬೆ ಬೆಳೆಯುವ ಹುಚ್ಚು. ಅದಕ್ಕೆ ಕತ್ತಲು, ತೇವ ಎರಡೂ ಬೇಕೆಂದು ನಮ್ಮ ಬಚ್ಚಲುಮನೆಯನ್ನೇ ಬಿಟ್ಟುಕೊಟ್ಟು ನಾವು ತಾರಸಿಯಲ್ಲಿ ಸ್ನಾನ ಮಾಡಿದ್ದುಂಟು. "ಪಾಪ, ಅಣ್ಣ ಆಸೆ ಪಡ್ತಾನೆ" ಎಂದು ನನ್ನಾಕೆ ಮಂಗಳಾ ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು. ಈ ಮನೆಯಲ್ಲಿ ನನ್ನ ವೋಟು ಎಣಿಕೆಗೆ ಬರುವುದಿಲ್ಲ.

ಈ ಸಲ ಗೊಬ್ಬರದ ಕಂಪನಿಯೊಂದು ಹೆಚ್ಚು ಮೂಟೆ ಮಾರಿದ ಅಂಗಡಿಯವರನ್ನೆಲ್ಲ ಮಹಾರಾಷ್ಟ್ರದ ದ್ರಾಕ್ಷಿತೋಟಗಳಿಗೆ ಪ್ರವಾಸ ಕರೆದುಕೊಂಡು ಹೋಯಿತು. ಹೋಗುವಾಗ ಯೂರಿಯಾ ಮಾತಾಡುತ್ತಿದ್ದವನು ಬರುವಾಗ ವೈನ್ ಮಾತಾಡುತ್ತಿದ್ದ. ಯಾವ ವೈನಿಗೆ ಯಾವ ಚೀಸು ಹೊಂದುತ್ತದೆ ಎನ್ನುವುದನ್ನು ಅವನು ಮದುವೆ ದಲ್ಲಾಳಿಯ ಹಾಗೆ ವಿವರಿಸುತ್ತಿದ್ದ. "ಈ ಕೆಂಪು ವೈನು ಸ್ವಲ್ಪ ಒಗರು ಸ್ವಭಾವ ಭಾವ, ಗಟ್ಟಿ ಚೀಸೇ ಆಗ್ಬೇಕು. ಆ ಸಿಹಿ ಬಿಳೀದಕ್ಕೆ ನೀಲಿ ಚೀಸು. ಭಾನುವಾರ ನಿಮ್ಮನೇಲೇ ಇಟ್ಕೊಳ್ಳಣ ಬಿಡಿ." ನಮ್ಮನೇಲೇ ಯಾಕಪ್ಪಾ ಎಂದರೆ, ಅವನ ಮನೆಯಲ್ಲಿ ಅವನಪ್ಪ ಇದ್ದಾರೆ. ಲಿಂಗಪೂಜೆ ಆಗದೆ ತೊಟ್ಟು ನೀರು ಮುಟ್ಟದ ಹಿರಿಯರು. ಅವರಿಗೆ ಗೊತ್ತಾದರೆ ಚರ್ಮ ಸುಲಿಯುತ್ತಾರೆ.

ನನ್ನ ಚರ್ಮದ ಯೋಚನೆ ಯಾರಿಗೂ ಇಲ್ಲ. ನಾವಿರುವುದು ಮಹದೇವಪ್ಪ ಮೇಷ್ಟ್ರ ಮನೆಯ ಮೇಲಿನ ಮಹಡಿಯಲ್ಲಿ. ಬಾಡಿಗೆಗೆ ಬಂದ ದಿನವೇ ಅವರು, "ಕುಡಿತ ಕಂಡ್ರೆ ಅವತ್ತೇ ಮನೆ ಖಾಲಿ" ಎಂದಿದ್ದರು. ನಮಗಿಂತ ಮುಂಚೆ ಇದ್ದವನು ಎಲ್ಲೋ ಸಿಕ್ಕ ಬಿಯರ್ ಬಾಟಲಿಯಲ್ಲಿ ಮನಿಪ್ಲಾಂಟ್ ಬೆಳೆಸಿದ್ದಕ್ಕೇ ಮನೆ ಕಳೆದುಕೊಂಡ. ಬೇಸಿಗೆಯಲ್ಲೂ ನಿಲ್ಲದ ನೀರು, ರಸ್ತೆ ದಾಟಿದರೆ ಮಗಳ ಶಾಲೆ, ಕಪಿಲೆಯ ಕಡೆಯಿಂದ ಬೀಸುವ ಗಾಳಿ. ಇಂಥ ಮನೆ ಮತ್ತೆ ನನ್ನ ಸಂಬಳಕ್ಕೆ ಸಿಕ್ಕುವ ಮಾತೇ ಇಲ್ಲ.

ಭಾನುವಾರ ಬೆಳಗ್ಗೆಯೇ ಭಾವ ಬಂದ. ಬಾಟಲಿಗಳು ಬಿತ್ತನೆ ಬೀಜದ ರಟ್ಟಿನ ಡಬ್ಬದಲ್ಲಿದ್ದವು. ಜೊತೆಗೆ ಪ್ರವಾಸಕ್ಕೆ ಹೋಗಿದ್ದ ಮೂವರು ಅಂಗಡಿಯವರು. ಅವರಲ್ಲಿ ಬಿಳಿಗೆರೆಯ ನಾಗರಾಜು ಒಬ್ಬ, ಒಳ್ಳೆ ಊಟಗಾರ. ಒಗ್ಗರಣೆ ವಾಸನೆಗೆ ವೈನಿನ ಪರಿಮಳ ಕೆಡುತ್ತದೆ, ಒಲೆಯನ್ನೇ ಹಚ್ಚಬೇಡ ಎಂದು ಭಾವ ತಂಗಿಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದ. ಅವಳೂ ಒಂದು ಷರತ್ತು ಹಾಕಿದಳು: ಗಾಜಿನ ಲೋಟ ಕೊಡುವುದಿಲ್ಲ, ಸ್ಟೀಲ್ ಲೋಟ ಮಾತ್ರ, ಯಾರಾದರೂ ಬಂದರೆ ಒಳಗೇನಿದೆ ಎಂದು ಕಾಣಬಾರದು. ಬಣ್ಣ ನೋಡದೆ ವೈನ್ ಹೇಗೆ ಕುಡಿಯುವುದು ಎಂದು ಭಾವ ಅಳುವುದೊಂದು ಬಾಕಿ. ಕೊನೆಗೆ ನಾವು ಐದೂ ಜನ ಲೋಟದೊಳಕ್ಕೆ ಮೊಬೈಲ್ ಟಾರ್ಚ್ ಬಿಟ್ಟು, ಬಾವಿಗೆ ಬಿದ್ದ ಕೊಡ ಹುಡುಕುವವರಂತೆ ಇಣುಕಿದೆವು.

ಒಂದು ಗುಟುಕು, ಒಂದು ಚೂರು. ಮತ್ತೆ ಅರ್ಧ ಗಂಟೆ ಭಾಷಣ. ಚೂರು ಎಂದರೆ ಉಗುರಿನಷ್ಟು. "ನುಂಗ್ಬೇಡಿ, ನಾಲಗೆ ಮೇಲೆ ಆಡಿಸಿ" ಎಂದು ಭಾವ ಹೇಳುವಷ್ಟರಲ್ಲಿ ನಾಗರಾಜು ನುಂಗಿ, ಲೋಟ ಮುಂದೆ ಹಿಡಿದು, "ಇಷ್ಟೇನಾ?" ಎನ್ನುತ್ತಿದ್ದ. ಮಧ್ಯಾಹ್ನ ಒಂದೂವರೆಗೆ, ಬೇಕೆಂದೇ ಬೂಷ್ಟು ಹಿಡಿಸಿದ ಆ ನೀಲಿ ಚೀಸಿನ ಪೊಟ್ಟಣ ಬಿಚ್ಚಿದರು. ಅಬ್ಬಾ, ಆ ವಾಸನೆಗೆ ನನಗೆ ತಲೆ ಸುತ್ತಿತು. ಹತ್ತು ನಿಮಿಷವೂ ಆಗಿರಲಿಲ್ಲ, ಉದ್ದನೆ ಬಿದಿರು ದಬ್ಬೆ ಹಿಡಿದು ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು.

"ನಿಮ್ಮ ಬಚ್ಚಲ ಪೈಪು ಕಟ್ಕೊಂಡಿದೆ ಕಣ್ರೀ. ಕೆಳಗೆಲ್ಲ ವಾಸನೆ."

ಮಂಗಳಾ ಬಾಟಲಿಗಳನ್ನು ಕಾಲಲ್ಲೇ ಮಂಚದ ಕೆಳಕ್ಕೆ ತಳ್ಳಿದಳು. ವೈನಿನ ವಾಸನೆ ಮೂಗಿಗೆ ಬರದ ಹಾಗೆ ಮಾಡಿದ್ದೇ ಆ ಚೀಸು ನನಗೆ ಮಾಡಿದ ಏಕೈಕ ಉಪಕಾರ. ಮೇಷ್ಟ್ರ ಕಣ್ಣು ಲೋಟಗಳ ಮೇಲೆ ಬಿತ್ತು.

"ಏನ್ರೀ ಅದು?"

"ಕಷಾಯ ಸಾರ್" ಎಂದೆ. ಎಲ್ಲರ ಮುಖವೂ ಹುಳ್ಳಗಾಗಿದ್ದರಿಂದ ಅವರು ನಂಬಿದರು.

"ತಟ್ಟೇಲಿ?"

"ಗಿಣ್ಣು. ಸ್ವಲ್ಪ ಹಳೇದು."

ಗೆದ್ದೆ ಎಂದುಕೊಂಡೆ. ಆದರೆ ಮೇಷ್ಟ್ರು ಗೋಡೆ ಗಡಿಯಾರ ನೋಡಿದರು, ಅಡುಗೆಮನೆಯೊಳಗೆ ಇಣುಕಿ ತಣ್ಣಗಿದ್ದ ಒಲೆ ನೋಡಿದರು. ಅವರ ಮುಖ ಕೆಂಪಗಾಯಿತು. "ಊಟದ ಹೊತ್ತಲ್ಲಿ ಜನಾನ ಕರೆಸಿ, ಕಷಾಯ ಕುಡಿಸಿ, ಹಳಸಿದ ಗಿಣ್ಣು ಕೊಡ್ತಾ ಇದ್ದೀರಾ? ನನ್ನ ಮನೇಲಿ?"

ಆಗ ನಾಗರಾಜು ಬಾಯಿ ಬಿಟ್ಟ. "ಊಂ ಸಾ, ಒತ್ತಾರೆಯಿಂದ ಇದೇ ಆಯ್ತದೆ. ಒಟ್ಟೆ ಚುರ್ ಅಂತಾದೆ ಸಾ."

ಮೇಷ್ಟ್ರು ದಬ್ಬೆಯನ್ನು ಗೋಡೆಗೆ ಒರಗಿಸಿ, ನಾಲ್ವರನ್ನೂ ಕೆಳಗೆ ಕರೆದುಕೊಂಡು ಹೋಗಿ ಸಾಲಾಗಿ ಕೂರಿಸಿ ಮುದ್ದೆ, ಬಸ್ಸಾರು, ಮೊಸರನ್ನ ಬಡಿಸಿದರು. ನಾಚಿಕೆಯಿಲ್ಲದ ನಮ್ಮ ಭಾವ ಎರಡನೇ ಮುದ್ದೆ ಹಾಕಿಸಿಕೊಂಡದ್ದು ಮಹಡಿ ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. ನನ್ನನ್ನು ಮಾತ್ರ ಯಾರೂ ಕರೆಯಲಿಲ್ಲ.

ವಾರದೊಳಗೆ ಬೀದಿಗೆಲ್ಲ ಸುದ್ದಿ. ತರಕಾರಿಯವಳೂ ನನ್ನನ್ನು ಕನಿಕರದಿಂದ ನೋಡಿ ಎರಡು ಬದನೆಕಾಯಿ ಹೆಚ್ಚಿಗೆ ಹಾಕುತ್ತಾಳೆ. ನನಗೆ ಬರುವ ಕೋಪ ಅಷ್ಟಿಷ್ಟಲ್ಲ. ಜಿಪುಣ ಅಲ್ಲ ಎಂದು ಸಾಧಿಸಬೇಕಾದರೆ ಕುಡಿದದ್ದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಮನೆ ಖಾಲಿ. ಮಾನ ಬೇಕೋ ನೀರು ಬೇಕೋ ಎಂದು ದಿನಾ ಸ್ನಾನ ಮಾಡುವಾಗ ಕೇಳಿಕೊಳ್ಳುತ್ತೇನೆ.

ನಿನ್ನೆ ಭಾವ ಮತ್ತೆ ಬಂದ, ಹೆಗಲ ಮೇಲೊಂದು ಅಕ್ಕಿ ಮೂಟೆ. ಸುದ್ದಿ ಮಾವನವರಿಗೂ ಮುಟ್ಟಿತ್ತಂತೆ. ಮಗಳ ಮನೆಯಲ್ಲಿ ಇಷ್ಟು ಕಷ್ಟವೇ ಎಂದು ಕಣ್ಣೀರು ಹಾಕಿ ಕಳಿಸಿದ್ದಾರೆ. "ನೀನಾದ್ರೂ ನಿಜ ಹೇಳಬಾರದಿತ್ತೇನಯ್ಯ?" ಎಂದು ಹಲ್ಲು ಕಡಿದೆ. "ಏನಂತ ಹೇಳ್ಲಿ ಭಾವ?" ಎಂದ ಅವನು ಮುಗ್ಧನಂತೆ.

ಕೆಳಗೆ ಗೇಟಿನ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದ ಮೇಷ್ಟ್ರು ಕೂಗಿ ಹೇಳಿದರು, "ಇನ್ನಾದ್ರೂ ಬಂದವರಿಗೆ ಒಂದು ಹಿಡಿ ಅನ್ನ ಹಾಕಿ ಕಣ್ರೀ."

ನಾನು ಮೂಟೆಯನ್ನು ತಬ್ಬಿ ಹಿಡಿದು, ತಲೆ ಬಗ್ಗಿಸಿ ಹೇಳಿದೆ: "ಆಗಲಿ ಸಾರ್, ಇನ್ಮೇಲೆ ತಿದ್ಕೋತೀನಿ."