ಮಾವನ ಗುಡ್ಡದ ಸೈಕಲ್ ಪಾರ್ಕು

ಗುಡ್ಡದ ಮೇಲೆ ಸೈಕಲ್ ಪಾರ್ಕು ಕಟ್ಟಿದ ನನ್ನ ಸೋದರಮಾವನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ! ಇದನ್ನು ಬೆಂಗಳೂರಿನವರ ಕಿವಿಗೆ ಮಾತ್ರ ಹಾಕಬೇಡಿ. ಶನಿವಾರ ಬೆಳಗಾದರೆ ಅವರು ಹೆಲ್ಮೆಟ್ ಸಮೇತ ಬಂದಿಳಿದು ಅವನನ್ನು 'ಕೋಚ್' ಎಂದು ಕರೆಯುತ್ತಾರೆ. ಅವನೂ ಮೀಸೆ ತಿರುವಿ ತಲೆಯಾಡಿಸುತ್ತಾನೆ.

ಕನಕಪುರದ ಕಡೆ ಅವನ ಪಾಲಿಗೆ ಬಂದದ್ದು ಒಂದು ಕಲ್ಲುಗುಡ್ಡ. ಕ್ವಾರಿಯವರು ಬಂದು ಕೇಳಿದರೆ ಕೊಡಲಿಲ್ಲ. "ಗುಡ್ಡಾನ ಲಾರಿಗೆ ತುಂಬ್ಬುಟ್ರೆ ನಮ್ಮೂರೋರು ಏನ್ ನೋಡ್ಬೇಕ್ಲಾ, ಗುಂಡೀನಾ?" ಎಂದು, ಕೊಟ್ಟುಬಿಡು ಎಂದ ನನ್ನನ್ನೇ ಗದರಿದ. ಬಂಡೆಗಳ ನಡುವೆ, ಮೇಲಿನಿಂದ ಹಾರುತ್ತಾ ಇಳಿಯುವ ಸೈಕಲ್ ದಾರಿ ಕಡಿಸಿದ. ಬೆಂಗಳೂರಿನವರಿಗೆ ಟಿಕೆಟ್ಟು, ಊರವರಿಗೆ ಪುಕ್ಕಟೆ. ಊರವರು ಹತ್ತಿದರೇ? ಬಂಡೆ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ, ಬೀಳುವವರನ್ನು ನೋಡಿ ಖುಷಿಪಟ್ಟರು! ಅತ್ತೆಯಂತೂ ಬಂದವರ ಎದುರಿಗೇ, "ರಾಗಿ ಬೆಳ್ಯೋದ್ ಬುಟ್ಟು ಸೈಕಲ್ ಬೆಳೀತಾವ್ರೆ" ಎಂದು ಮೂದಲಿಸುತ್ತಿದ್ದಳು.

ಊರವರನ್ನು ಒಲಿಸಲು ಮಾವ ಪಾರ್ಕಿನ ಅಷ್ಟೂ ಸೈಕಲ್ಲುಗಳಿಗೆ ಕ್ಯಾರಿಯರ್ ಬೆಸುಗೆ ಹಾಕಿಸಿದ. ಬಂಡೆಯಿಂದ ಬಂಡೆಗೆ ಹಾರುವ ಸೈಕಲ್ಲಿಗೆ ಕ್ಯಾರಿಯರ್ ಯಾಕೆ ಎಂದೆ.

"ಹುಲ್ಲಿನ ಹೊರೆ ತಲೆ ಮ್ಯಾಲ್ ಇಟ್ಕಂಡ್ ಹಾರ್ತಾರೇನ್ಲಾ?"

ಆಯುಧಪೂಜೆಗೆ ಇನ್ನೊಂದು ಕೆಲಸ ಮಾಡಿದ. ಬೇರೆಯವರು ಹ್ಯಾಂಡಲ್ಲಿಗೆ ಕುಂಕುಮ ಇಟ್ಟು ಸುಮ್ಮನಾಗುತ್ತಾರೆ. ನಮ್ಮ ಮಾವ ಪ್ರಾಣ ಕಾಯುವುದು ಬ್ರೇಕು ತಾನೇ ಎಂದು, ಚಕ್ರದ ಡಿಸ್ಕ್ ಬ್ರೇಕಿನ ತಟ್ಟೆಗಳಿಗೆಲ್ಲ ಕೊಬ್ಬರಿ ಎಣ್ಣೆ ಸವರಿ ಕುಂಕುಮ ಮೆತ್ತಿದ! ಮಾರನೆಯ ದಿನ ಮೊದಲು ಇಳಿದ ಬೆಂಗಳೂರಿನವನ ಬ್ರೇಕು ಹಿಡಿಯಲೇ ಇಲ್ಲ. ಅವನು ನೇರವಾಗಿ ಪಕ್ಕದ ಹೊಲದ ರಾಗಿಯೊಳಗೆ ಮಾಯವಾದ. ಪುಣ್ಯಕ್ಕೆ ಪೆಟ್ಟಾಗಲಿಲ್ಲ, ಪೆಟ್ಟಾದದ್ದು ರಾಗಿಗೆ.

ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. "ತೆನೆ ಕಟ್ಟಿದ್ ರಾಗಿ ಕಣ್ರಪ್ಪೋ! ಪಾರ್ಕು ಮುಚ್ಚುಸ್ರಿ!" ಎಂದ ಹೊಲದವನು. ಹಿರಿಯರು ಹೌದೆಂದರು. ಪಾರ್ಕು ಮುಚ್ಚಿದರೆ ಅದರ ಸಾಲಕ್ಕೆ ಗುಡ್ಡ ಕ್ವಾರಿಗೇ ಎಂದು ಎಲ್ಲರಿಗೂ ಗೊತ್ತಿತ್ತು. ಮಾವ ತಲೆ ತಗ್ಗಿಸಿ ಟವೆಲ್ಲಿನ ಅಂಚು ಮಡಚುತ್ತಾ ಕೂತ.

ಎದ್ದು ನಿಂತವಳು ಅತ್ತೆ.

"ಆ ಗುಡ್ಡಕ್ಕೆ ಸೌದೆಗ್ ಹೋದೆ, ಕುರಿ ಹಿಂದೆ ಹೋದೆ. ಸುಮ್ಕೆ ನಗಾಕೆ ಅಂತ ಹೋಗಿದ್ದು ಈ ವರ್ಸಾನೇ. ನಂಗೂ ಈಗ ಸೈಕಲ್ ಬತ್ತದೆ. ದಿನಾ ಹೊತ್ತಾರೆ ಇವ್ರು ಹಿಂದ್ಗಡೆ ಹಿಡ್ಕಂಡ್ ಓಡ್ತಾರೆ. ಮುಚ್ಚೋದಾದ್ರೆ ನನ್ ಕೇಳಿ ಮುಚ್ಚಿ."

ಆಗ ಹೊಲದವನ ಹೆಂಡತಿಯೇ, "ಅಕ್ಕಾ, ನಂಗೂ ಒಸಿ ಕಲ್ಸೀಯಾ?" ಎಂದಳು. ಇಡೀ ಕಟ್ಟೆ ನಕ್ಕಿತು. ಹೊಲದವನು ತಾನೇ ಏನು ಮಾಡಿಯಾನು? ಹೊಲಕ್ಕೆ ಬೇಲಿ ಹಾಕಿಸಿಕೊಡುವ ಮಾತಿನ ಮೇಲೆ ಪಾರ್ಕು ಉಳಿಯಿತು.

ಮರುದಿನ ಬೆಳಗ್ಗೆ, ನೋಡಿ ನಗೋಣವೆಂದೇ ಗುಡ್ಡಕ್ಕೆ ಹೋದೆ. ಅತ್ತೆ ಸೀರೆ ಎತ್ತಿ ಕಟ್ಟಿ ಸಲೀಸಾಗಿ ತುಳಿಯುತ್ತಿದ್ದಳು. ಮಾವ ಸೀಟು ಹಿಡಿದು ಏದುಸಿರು ಬಿಡುತ್ತಾ ಹಿಂದೆ ಓಡುತ್ತಿದ್ದ. ನಗು ಬರಲಿಲ್ಲ.

"ಬುಡಿ ಅತ್ಲಾಗೆ, ನಂಗ್ ಬತ್ತದೆ!" ಎಂದಳು ಅತ್ತೆ.

"ಗೊತ್ತು ಕಣಮ್ಮಿ," ಎಂದ ಮಾವ. ಬಿಡಲಿಲ್ಲ.