ಗಂಗಮ್ಮನಿಗೆ ಜ್ವರ ನೋಡಿದ್ದು

ಬೆಟ್ಟದ ಹಳ್ಳದ ನೀರು ಎಷ್ಟು ತಣ್ಣಗಿದೆ, ಎಷ್ಟು ಹರಿಯುತ್ತದೆ ಎಂದು ನೋಡುವ ನೌಕರಿ ನನ್ನದು. ಇಂಥ ಕೆಲಸದವನನ್ನು ಒಂದಿಲ್ಲೊಂದು ನಗೆಪಾಟಲು ಹುಡುಕಿಕೊಂಡೇ ಬರುತ್ತದೆ, ಏನು ಮಾಡೋಣ ಹೇಳಿ! ಹಿರಿಯೂರಿನ ಕಣಿವೆಗೆ ಮಹಾರಾಜರ ಸರ್ಕಾರ ಕಟ್ಟೆ ಕಟ್ಟುತ್ತಿದ್ದ ಕಾಲ. ಜೋಗಿಮಟ್ಟಿಯ ಹಳ್ಳದಿಂದ ದುರ್ಗದ ಪೇಟೆಗೆ ಕೊಳಾಯಿ ನೀರು ತರಲಾದೀತೇ ನೋಡು ಎಂದು ನನ್ನನ್ನು ಬೆಟ್ಟಕ್ಕೆ ಅಟ್ಟಿದ್ದರು.

ಜ್ವರದ ಕಡ್ಡಿ

ಹಳ್ಳ ಹುಟ್ಟುವ ಕಡೆ ಥರ್ಮಾಮೀಟರು ಅದ್ದಿಕೊಂಡು ಕೂತಿದ್ದೆ. ಕುರಿ ಕಾಯುವ ಅಜ್ಜ ಬಂದು ಬಗ್ಗಿ ನೋಡಿದ.

"ಏನ್ರೀ ಅದು?"

"ನೀರಿನ ಕಾವು ನೋಡೋ ಕಡ್ಡಿ, ಅಜ್ಜ. ಜ್ವರಕ್ಕೆ ಇಡ್ತಾರಲ್ಲ, ಹಂಗೆ."

"ಅಯ್ಯೋ ಶಿವನೇ! ಗಂಗಮ್ಮಂಗೆ ಜ್ವರ ಬಂದೈತಾ?"

"ಇಲ್ಲಪ್ಪ, ತಣ್ಣಗೈತೆ."

"ಅಷ್ಟು ಹೇಳಾಕೆ ದುರ್ಗದಿಂದ ಬರಬೇಕಿತ್ತಾ? ನನ್ನ ಕುರೀನ ಕೇಳಿದ್ರೂ ಹೇಳ್ತಿತ್ತು!"

ನಿಂಬೆಹಣ್ಣು

ನೀರಿನ ಓಟ ತಿಳಿಯಲು ಮೇಲೆ ಒಂದು ನಿಂಬೆಹಣ್ಣು ಬಿಟ್ಟು, ಕೆಳಗಿನ ಗುರುತಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ಗಡಿಯಾರ ನೋಡಬೇಕು. ಬಿಟ್ಟೆ. ಮುಟ್ಟಲೇ ಇಲ್ಲ. ಇನ್ನೊಂದು ಬಿಟ್ಟೆ, ಅದೂ ನಾಪತ್ತೆ. ಸಿಟ್ಟು ನೆತ್ತಿಗೇರಿ ಕೆಳಗೆ ಹೋಗಿ ನೋಡಿದರೆ, ಅಜ್ಜನ ಹೆಂಡತಿ ಎರಡನ್ನೂ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆ.

"ಗಂಗಮ್ಮನ ಪ್ರಸಾದ ಕಣ್ರೀ!"

"ಅಜ್ಜೀ, ಬಿಟ್ಟವನು ನಾನು!"

"ಬಿಟ್ಟೋರು ನೀವು, ಕೊಟ್ಟೋಳು ಅವಳು. ಉಪ್ಪಿನಕಾಯಿಗೆ ಸಾಲವು, ಇನ್ನೊಂದು ನಾಕು ಬಿಡ್ರಿ."

ನೀರಲ್ಲಿ ನಿಂತ ಮಾತು

ದೊಡ್ಡ ಇಂಜಿನಿಯರು ಬರುವ ಹಿಂದಿನ ದಿನ ಅಜ್ಜ ಕೇಳಿದ, "ನೀರೆಲ್ಲ ಕೊಳಾಯಿಗೆ ಹೋದ್ರೆ ನನ್ನ ಕುರಿ ಎಲ್ಲಿ ಕುಡೀಬೇಕ್ರಿ?" ಸುತ್ತ ಬೇರೆ ನೀರೇ ಇಲ್ಲ.

ಮರುದಿನ ಇಂಜಿನಿಯರು ಬೂಟು ಕಳಚಿ, ಪಂಚೆ ಎತ್ತಿ ಕಟ್ಟಿ ಹಳ್ಳಕ್ಕಿಳಿದರು. ಅಜ್ಜನೂ ನಾನೂ ಮೊಳಕಾಲುದ್ದ ನೀರಿನಲ್ಲಿದ್ದೆವು.

"ಬೇಸಿಗೇಲಿ ಇಲ್ಲಿ ನೀರು ಇರುತ್ತೇನಪ್ಪ? ಬತ್ತೋ ಹಳ್ಳಕ್ಕೆ ಕೊಳಾಯಿ ಹಾಕೋಕಾಗಲ್ಲ." ಎಂದು ಅವರು ಅಜ್ಜನನ್ನು ಕೇಳಿದರು.

ನೀರಲ್ಲಿ ನಿಂತು ಸುಳ್ಳಾಡಿದರೆ ಗಂಗಮ್ಮ ಮುನಿಯುತ್ತಾಳೆ ಎಂದು ನಮ್ಮ ಕಡೆ ನಂಬಿಕೆ. ಅಜ್ಜ ದಡ ಹತ್ತಿದ. ಕಂಬಳಿಯಲ್ಲಿ ಕಾಲು ಒರೆಸಿಕೊಂಡ, ಕೆರ ಮೆಟ್ಟಿದ. ಆಮೇಲೆ ಹೇಳಿದ: "ಒಂದು ಹನೀನೂ ಇರಾಕಿಲ್ಲ ಬುದ್ಧಿ."

"ಹಂಗಾದ್ರೆ ನೀರಿಗಿಳಿದು ಹೇಳು," ಅಂದರು ಇಂಜಿನಿಯರು.

"ನೀರಿಗಿಳಿದ್ರೆ ಬ್ಯಾರೆ ಹೇಳಬೇಕಾಗ್ತೈತೆ ಬುದ್ಧಿ!"

ಮುಗೀತು ಮುದುಕನ ಕಥೆ ಅಂದುಕೊಂಡೆ. ನೀರು ಕುಡಿಯುತ್ತಿದ್ದ ಕುರಿಗಳ ಕಡೆ ಇಂಜಿನಿಯರು ನೋಡಿದರು. ಕೊನೆಗೆ ಪಂಚೆ ಎತ್ತಿಕೊಂಡು ತಾವೂ ದಡ ಹತ್ತಿದರು.

"ರೀ, ನೀವೂ ಮೇಲೆ ಬನ್ನಿ," ಅಂದರು ನನಗೆ. "ಬಂದು ಬರ್ಕೊಳ್ಳಿ: ಬೇಸಿಗೇಲಿ ಒಂದು ಹನಿಯೂ ಇರೋದಿಲ್ಲ."